ಹರಟೆಯ ಪಾಡ್‌ಕಾಸ್ಟ್ ಟಿವಿ ಕಾರ್ಟೂನ್ ಆದಾಗ: ರಿಕಿ ಜರ್ವೇಸ್ ಶೋ ಬಗ್ಗೆ ನಿಮ್ಮ ತಕರಾರೇನು?

ಕಿವಿಗೊಟ್ಟವ:

ರಿಕಿ ಜರ್ವೇಸ್, ಸ್ಟೀಫನ್ ಮರ್ಚೆಂಟ್, ಕಾರ್ಲ್ ಪಿಲ್ಕಿಂಗ್ಟನ್ ಈ ಮೂವರ ಪಾಡ್‌ಕಾಸ್ಟನ್ನು ಇಲ್ಲಿ ಹಲವರು ಕೇಳಿರುತ್ತೀರಿ. ಕೇಳದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಮೊದಲಿಬ್ಬರು ಬ್ರಿಟನ್ನಿನ ಹಾಸ್ಯಗಾರರು, ಲಂಡನ್ನಿನ ಎಕ್ಸ್‌ಎಫ್‌ಎಂ ರೇಡಿಯೊದಲ್ಲಿ ಹರಟುತ್ತಿದ್ದರು. ಕಾರ್ಲ್ ಅಲ್ಲಿ ನಿರ್ಮಾಪಕ. ಹಾಡು ಹಾಕುವುದು, ಗುಂಡಿ ಒತ್ತುವುದು ಅವನ ಪಾಲಿನ ಕೆಲಸ. ಮ್ಯಾಂಚೆಸ್ಟರಿನವನು. ನಡುನಡುವೆ ಅವನು ಬಾಯಿ ಹಾಕಿದಾಗ ಹೊರಬೀಳುತ್ತಿದ್ದ ಮಾತುಗಳು ಎಷ್ಟು ವಿಚಿತ್ರವಾಗಿದ್ದವೆಂದರೆ ಕ್ರಮೇಣ ಇಡೀ ಕಾರ್ಯಕ್ರಮವೇ ಅವನ ಸುತ್ತ ತಿರುಗತೊಡಗಿತು. 2005ರ ಡಿಸೆಂಬರ್‌ನಲ್ಲಿ ಗಾರ್ಡಿಯನ್ ಪತ್ರಿಕೆಯ ಜಾಲತಾಣದ ಮೂಲಕ ಅದೇ ಮೂವರ ಪಾಡ್‌ಕಾಸ್ಟ್ ಬಂತು. ಮೊದಲ ತಿಂಗಳಲ್ಲಿ ಕಂತೊಂದಕ್ಕೆ ಸರಾಸರಿ 2,61,670 ಡೌನ್‌ಲೋಡ್ ಆಗಿ ಗಿನ್ನೆಸ್ ದಾಖಲೆಗೂ ಸೇರಿತು.

ಆ ಧ್ವನಿಗೇ ಚಿತ್ರ ಬರೆಸಿ ಅಮೆರಿಕದ ಎಚ್‌ಬಿಒ ವಾಹಿನಿ ‘ರಿಕಿ ಜರ್ವೇಸ್ ಶೋ’ ಹೆಸರಿನಲ್ಲಿ 2010ರ ಫೆಬ್ರುವರಿ 19ರಿಂದ ಟಿವಿಯಲ್ಲಿ ತೋರಿಸಿತು. ಮೂರು ಸರಣಿ, ಸರಣಿಗೆ 13ರಂತೆ ಒಟ್ಟು 39 ಕಂತು, 2012ಕ್ಕೆ ಮುಗಿಯಿತು. ಯಾರೂ ಹೊಸದಾಗಿ ಮೈಕ್ ಮುಂದೆ ಕುಳಿತು ಸಂಭಾಷಣೆ ಓದಲಿಲ್ಲ ಎಂಬುದನ್ನು ಗಮನಿಸಿ. ಪಾಡ್‌ಕಾಸ್ಟಿನಲ್ಲಿ ಆಡಿದ ಮಾತೇ ಕಾರ್ಟೂನಿನ ಮಾತು.

ನನ್ನ ತಕರಾರು ಇಷ್ಟು. ಕಾರ್ಟೂನ್ ನೋಡಿದ ಮೇಲೆ ಪಾಡ್‌ಕಾಸ್ಟ್ ನನ್ನದಾಗಿ ಉಳಿದಿಲ್ಲ. ಕಾರ್ಲ್ ಏನಾದರೂ ಹೇಳಿದ ಕೂಡಲೇ ಆ ದುಂಡು ತಲೆ, ಆ ಸಪ್ಪೆ ಮುಖ ಕಣ್ಣಿಗೆ ಕಟ್ಟುತ್ತದೆ. ಮಾತಿನಲ್ಲೇ ಎಲ್ಲವೂ ಇರುವಾಗ ಅದಕ್ಕೆ ಬಣ್ಣ ಬಳಿಯುವ ಅಗತ್ಯವೇನಿತ್ತು? ಒಂದೇ ಸರಕನ್ನು ಎರಡು ಸಲ ಮಾರುವ ಉಪಾಯವಲ್ಲದೆ ಬೇರೇನಾದರೂ ಇದೆಯೇ?

ಸೋಮಾರಿ ಸಂಜೆ:

ಪಾತ್ರೆ ತೊಳೆಯುತ್ತಾ ಕೇಳುವುದಕ್ಕೆಂದೇ ಹುಟ್ಟಿದ್ದು ಪಾಡ್‌ಕಾಸ್ಟ್. ಕೈ ಒರೆಸಿಕೊಂಡು ಬಂದು ಟಿವಿ ಮುಂದೆ ಕುಳಿತುಕೊಳ್ಳಿ ಎಂದರೆ ನನ್ನಂಥವರು ಬರುವುದಿಲ್ಲ. ಕಿವಿಗೊಟ್ಟವರ ಪಕ್ಷಕ್ಕೆ ನನ್ನದೊಂದು ಮತ.

ಗೆರೆಗಾರ:

ಈ ಕಸುಬಿನಲ್ಲೇ ಹೊಟ್ಟೆ ಹೊರೆಯುತ್ತಿರುವವನು ನಾನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ತಾಳ್ಮೆ ಇರಲಿ.

ಆ ಕಾರ್ಟೂನಿನಲ್ಲಿ ಎರಡು ಬಗೆಯ ಚಿತ್ರಗಳಿವೆ. ಮೊದಲನೆಯದು ಕೋಣೆ: ಮೂವರು, ಮೈಕುಗಳು, ಮೇಜು. ಅಲ್ಲಿ ಬಹುತೇಕ ಏನೂ ಅಲುಗಾಡುವುದಿಲ್ಲ. ಬಾಯಿ ಆಡುತ್ತದೆ, ರೆಪ್ಪೆ ಮಿಟುಕುತ್ತದೆ, ರಿಕಿ ನಕ್ಕಾಗ ಮೈ ಕುಲುಕುತ್ತದೆ, ಅಷ್ಟೇ. ಎರಡನೆಯದು ಕಾರ್ಲ್ ಹೇಳುವ ಕಥೆಯ ಲೋಕ. ಇಲ್ಲಿದೆ ನೋಡಿ ಕೆಲಸ.

ಕಾರ್ಲ್‌ನ ಮಂಗನ ಸುದ್ದಿಯನ್ನೇ ತೆಗೆದುಕೊಳ್ಳಿ. ರಾಕೆಟ್ ನಡೆಸಲು ಮಂಗನನ್ನು ಕಳಿಸಿದರಂತೆ, ಅದು ಸರಿಯಾದ ಗುಂಡಿ ಒತ್ತಿದರೆ ಯಂತ್ರದಿಂದ ಬಾಳೆಹಣ್ಣು ಬೀಳುತ್ತಿತ್ತಂತೆ. ರಿಕಿ ಮತ್ತು ಸ್ಟೀಫನ್ ಇದನ್ನು ಕೇಳಿ ಬಿದ್ದು ಬಿದ್ದು ನಗುತ್ತಾರೆ. ಸಾಮಾನ್ಯ ಚಿತ್ರಗಾರನ ಕೈಗೆ ಇದನ್ನು ಕೊಟ್ಟರೆ ಮೊದಲು ಮಂಗನ ನಾಲಿಗೆ ಹೊರಗೆ ಹಾಕಿಸುತ್ತಾನೆ, ಕಣ್ಣು ಗಿರಗಿರ ತಿರುಗಿಸುತ್ತಾನೆ, ರಾಕೆಟ್ ಓಲಾಡಿಸುತ್ತಾನೆ. ಅಲ್ಲಿಗೆ ನಗು ಸತ್ತಂತೆ. ಹಾಗೆ ಮಾಡಿದರೆ ಚಿತ್ರವೂ ರಿಕಿಯ ಜೊತೆ ಸೇರಿ ಕಾರ್ಲ್‌ನನ್ನು ನೋಡಿ ನಕ್ಕಂತಾಯಿತು. ಈ ಸರಣಿಯಲ್ಲಿ ಆ ತಪ್ಪು ನಡೆದಿಲ್ಲ. ಅಲ್ಲಿ ಮಂಗ ತನ್ನ ಕೆಲಸ ತಾನು ನೋಡಿಕೊಳ್ಳುವ ಜವಾಬ್ದಾರಿಯ ನೌಕರ. ಹೇಳುವವನು ನಂಬಿದಷ್ಟೇ ಗಟ್ಟಿಯಾಗಿ ಚಿತ್ರವೂ ನಂಬುತ್ತದೆ.

ಧ್ವನಿ ಇರುವುದು ರಿಕಿಯ ಕಡೆ, ಚಿತ್ರ ಇರುವುದು ಕಾರ್ಲ್‌ನ ಕಡೆ. ಬರಿಯ ಪಾಡ್‌ಕಾಸ್ಟಿನಲ್ಲಿ ಮೂರನೆಯವನಿಗೆ ಆ ಬೆಂಬಲ ಇರಲಿಲ್ಲ. ಆದ್ದರಿಂದ ಇದು ಒಂದೇ ಸರಕು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಕಿವಿಗೊಟ್ಟವ:

ಮಾತು ಚೆನ್ನಾಗಿದೆ, ಆದರೆ ಮೌನದ ಲೆಕ್ಕ ಬಿಟ್ಟಿದ್ದೀರಿ. ಕಾರ್ಲ್ ಒಂದು ಮಾತು ಹೇಳಿ ಮುಗಿಸುತ್ತಾನೆ. ರಿಕಿ ತಕ್ಷಣ ನಗುವುದಿಲ್ಲ. ಒಂದು ಕ್ಷಣ ಯಾರೂ ಉಸಿರೆತ್ತುವುದಿಲ್ಲ. ಆ ಒಂದು ಕ್ಷಣದಲ್ಲಿ, ಹೆಡ್‌ಫೋನ್ ಹಾಕಿಕೊಂಡು ಬಸ್ಸಿನಲ್ಲಿ ಕುಳಿತ ನಾನೂ ಅವರ ಜೊತೆ ಯೋಚಿಸುತ್ತಿರುತ್ತೇನೆ: ಇವನು ಈಗ ಹೇಳಿದ್ದು ನಿಜವಾಗಿ ಏನು? ಕಾರ್ಟೂನ್ ಆ ಕ್ಷಣದಲ್ಲಿ ಚಿತ್ರ ತುರುಕಿ ಉತ್ತರ ಕೊಟ್ಟುಬಿಡುತ್ತದೆ. ನನ್ನ ಪಾಲಿನ ಕೆಲಸವನ್ನು ಕಸಿದುಕೊಂಡಂತೆ.

ಗೆರೆಗಾರ:

ಕೆಲವು ಕಡೆ ಹಾಗಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಕಾರ್ಲ್‌ನ ಕೆಲವು ವಿಚಾರಗಳನ್ನು ಕಿವಿಯಲ್ಲಿ ಕೇಳಿದರೆ ಪೂರ್ತಿ ಅರ್ಥವಾಗುವುದೇ ಇಲ್ಲ. ಜನಸಂಖ್ಯೆಯ ಸಮಸ್ಯೆಗೆ ಅವನು ಸೂಚಿಸುವ ಪರಿಹಾರ ನೆನಪಿದೆಯೇ? 78ರ ಮುದುಕಿ ಬಸುರಿಯಾಗಬೇಕು, ಮಗು ಹುಟ್ಟುವ ಹೊತ್ತಿಗೆ ಅವಳು ಸಾಯಬೇಕು, ಒಬ್ಬರು ಹೋದರೆ ಒಬ್ಬರು ಬಂದರು, ಲೆಕ್ಕ ಸರಿಹೋಯಿತು. ತನ್ನನ್ನೇ ಹೋಲುವ ಇನ್ನೊಬ್ಬನು ಎದುರಾದರೆ ಇಬ್ಬರಲ್ಲಿ ತಾನು ಯಾರೆಂದು ತನಗೆ ಹೇಗೆ ಗೊತ್ತಾಗಬೇಕು ಎಂದು ಕೇಳುತ್ತಾನಲ್ಲ, ಅದು ಇನ್ನೊಂದು. ಈ ಎರಡನೆಯದನ್ನು ಕೇಳಿದಾಗ ದಡ್ಡ ಪ್ರಶ್ನೆ ಎನಿಸುತ್ತದೆ. ಪರದೆಯ ಮೇಲೆ ಇಬ್ಬರು ಕಾರ್ಲ್‌ಗಳನ್ನು ನಿಲ್ಲಿಸಿ, ಗೆರೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಡದೆ ನೋಡಿ. ಪ್ರಶ್ನೆ ಅಷ್ಟೇನೂ ದಡ್ಡದ್ದಲ್ಲ ಎನಿಸತೊಡಗುತ್ತದೆ.

ಧ್ವನಿಪೆಟ್ಟಿಗೆ:

ಇಬ್ಬರೂ ಚಿತ್ರದ ಬಗ್ಗೆಯೇ ಜಗಳವಾಡುತ್ತಿದ್ದೀರಿ. ಇಂಥ ಸರಣಿಯನ್ನು ನಿಜವಾಗಿ ಬರೆಯುವವನು ಕತ್ತರಿ ಹಿಡಿದವನು.

ಹರಟೆಗೆ ಕಥೆಯ ಚೌಕಟ್ಟು ಇರುವುದಿಲ್ಲ. ಒಂದು ವಿಷಯ ಎತ್ತುತ್ತಾರೆ, ಅಡ್ಡದಾರಿ ಹಿಡಿಯುತ್ತಾರೆ, ಮರೆಯುತ್ತಾರೆ, ಇಪ್ಪತ್ತು ನಿಮಿಷದ ಮೇಲೆ ಮತ್ತೆ ಅಲ್ಲಿಗೇ ಬರುತ್ತಾರೆ. ಕಿವಿ ಇದನ್ನೆಲ್ಲ ಸಹಿಸುತ್ತದೆ. ಟಿವಿಯ ಅರ್ಧ ಗಂಟೆಯ ಅಳತೆಗೆ ತರುವಾಗ ಕಂತುಗಳನ್ನು ಬಿಡಿಸಿ, ತುಣುಕು ಆಯ್ದು, ಇನ್ನೊಂದು ಕಡೆಯದನ್ನು ತಂದು ಪಕ್ಕದಲ್ಲಿಟ್ಟು ಹೊಲಿಯಬೇಕು. ಯಾರೂ ಒಂದು ಪದ ಬರೆಯದಿದ್ದರೂ ಚಿತ್ರಕಥೆ ಅಲ್ಲೇ ಹುಟ್ಟುತ್ತದೆ.

ಹೊಲಿಗೆ ಕಾಣಿಸಬಾರದು. ಅದೇ ಕಷ್ಟ. ಒಂದು ದಿನದ ಮುದ್ರಣದಲ್ಲಿ ಮಾತಾಡುವವನಿಗೆ ನೆಗಡಿ, ಇನ್ನೊಂದು ದಿನ ಮೈಕ್ ಒಂದು ಗೇಣು ದೂರ. ಪ್ರತಿ ಕೋಣೆಗೂ ಅದರದೇ ಒಂದು ಗುಂಯ್ ಎಂಬ ಸದ್ದು ಇರುತ್ತದೆ. ಎರಡು ಕೋಣೆಗಳ ಸದ್ದನ್ನು ಹಾಗೇ ಜೋಡಿಸಿದರೆ ಬೆಸುಗೆಯ ಜಾಗದಲ್ಲಿ ಕಿವಿ ಎಡವುತ್ತದೆ. ಇದಕ್ಕೆಲ್ಲ ಕಳಸವಿಟ್ಟಂತೆ, ನಗಿಸುವ ಜನ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಾರೆ. ಮೂವರ ದನಿಯೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಇದ್ದರೆ ಬಚಾವ್. ಒಂದೇ ಟ್ರ್ಯಾಕಿನಲ್ಲಿ ಕಲಸಿಹೋಗಿದ್ದರೆ ಕಾರ್ಲ್‌ನ ಮಾತಿನ ಕೊನೆಯನ್ನು ರಿಕಿಯ ನಗು ನುಂಗಿರುತ್ತದೆ, ಅದನ್ನು ಬಿಡಿಸಲಾಗುವುದಿಲ್ಲ.

ಕಿವಿಗೊಟ್ಟವರು ಹೇಳಿದ ಮೌನವನ್ನು ಉಳಿಸುವುದೂ ಕತ್ತರಿಯವನ ಕೈಯಲ್ಲೇ ಇದೆ. ಚಿತ್ರ ಬಂದರೆ ಮೌನ ಉದ್ದವೆನಿಸುತ್ತದೆ, ಹಾಗಾಗಿ ಮೊಟಕುಗೊಳಿಸುವ ಆಸೆಯಾಗುತ್ತದೆ. ಅಲ್ಲಿ ಕೈ ತಡೆದುಕೊಳ್ಳಬೇಕು.

ಬ್ರಿಸ್ಟಲ್ ಬೀದಿ:

ನಾನಿರುವ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಹೆಮ್ಮೆಯನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಪಾಡ್‌ಕಾಸ್ಟ್ ಎಂಬ ಪದವೇ ಇಲ್ಲದ ಕಾಲದಲ್ಲಿ, 1989ರಲ್ಲಿ, ಇಲ್ಲಿನ ಆರ್ಡ್‌ಮನ್ ಸ್ಟುಡಿಯೊದಲ್ಲಿ ನಿಕ್ ಪಾರ್ಕ್ ಅವರು ‘ಕ್ರೀಚರ್ ಕಂಫರ್ಟ್ಸ್’ ಎಂಬ ಐದೇ ನಿಮಿಷದ ಚಿತ್ರ ಮಾಡಿದರು. ಸಾಮಾನ್ಯ ಜನರನ್ನು ಅವರ ಮನೆ, ಊಟ, ಹವೆಯ ಬಗ್ಗೆ ಮಾತಾಡಿಸಿ ಮುದ್ರಿಸಿಕೊಂಡರು. ಆಮೇಲೆ ಅದೇ ಮಾತುಗಳನ್ನು ಮೃಗಾಲಯದ ಪ್ರಾಣಿಗಳ ಬಾಯಲ್ಲಿ ಇಟ್ಟರು. ಬ್ರೆಜಿಲ್‌ನಿಂದ ಬಂದಿದ್ದ ವಿದ್ಯಾರ್ಥಿಯೊಬ್ಬ ಇಂಗ್ಲೆಂಡಿನ ಚಳಿ, ಊಟ, ಇಕ್ಕಟ್ಟಾದ ವಾಸದ ಬಗ್ಗೆ ಗೊಣಗಿದ್ದನ್ನು ಬೋನಿನಲ್ಲಿರುವ ಕಾಡುಬೆಕ್ಕಿನ ಜಾತಿಯ ಪ್ರಾಣಿ ಹೇಳುತ್ತದೆ. ಅವನಿಗೆ ಬೇಕಾದದ್ದು ವಿಶಾಲ ಜಾಗ. ಬೋನಿನೊಳಗಿಂದ ಆ ಮಾತು ಕೇಳುವಾಗ ನಗು ಬರುತ್ತದೆ, ಜೊತೆಗೆ ಇನ್ನೇನೋ ಚುಚ್ಚುತ್ತದೆ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ನಾನೂ ಹಾಗೆಯೇ ಗೊಣಗಿದವನು, ಅನ್ನಿ. ಆ ಚಿತ್ರಕ್ಕೆ ಆಸ್ಕರ್ ಬಂತು, 2003ರಲ್ಲಿ ಅದರ ಟಿವಿ ಸರಣಿಯೂ ಐಟಿವಿಯಲ್ಲಿ ಶುರುವಾಯಿತು.

ಅದಕ್ಕೂ ಹಿಂದೆ ಅಮೆರಿಕದಲ್ಲಿ ಜಾನ್ ಮತ್ತು ಫೇತ್ ಹಬ್ಲಿ ದಂಪತಿ ತಮ್ಮ ಇಬ್ಬರು ಗಂಡು ಮಕ್ಕಳು ಆಟದಲ್ಲಿ ಆಡಿದ ಮಾತನ್ನು ಮುದ್ರಿಸಿಕೊಂಡು 1959ರಲ್ಲಿ ‘ಮೂನ್‌ಬರ್ಡ್’ ಮಾಡಿದ್ದರು. ಅದಕ್ಕೂ ಆಸ್ಕರ್.

ಎಂದರೆ ಮೊದಲು ಮಾತು, ಆಮೇಲೆ ಚಿತ್ರ ಎನ್ನುವ ದಾರಿ ಹಳೆಯದು. ಎಚ್‌ಬಿಒದವರ ಸಾಹಸ ಎಂದರೆ ಐದು ನಿಮಿಷದ ಹದವನ್ನು ಅರ್ಧ ಗಂಟೆಗೆ ಎಳೆದದ್ದು.

ಮೂಲೆಮನೆ:

ಅರ್ಧ ಗಂಟೆಗೆ ಎಳೆದದ್ದರಲ್ಲೂ ಅವರು ಮೊದಲಿಗರಲ್ಲ. 1995ರಲ್ಲಿ ಅಮೆರಿಕದ ಕಾಮಿಡಿ ಸೆಂಟ್ರಲ್ ವಾಹಿನಿಯಲ್ಲಿ ‘ಡಾಕ್ಟರ್ ಕ್ಯಾಟ್ಜ್’ ಬರುತ್ತಿತ್ತು. ಮನೋವೈದ್ಯನ ಸೋಫಾದ ಮೇಲೆ ರೋಗಿಗಳಾಗಿ ಬಂದು ಕುಳಿತುಕೊಳ್ಳುವವರೆಲ್ಲ ನಿಜವಾದ ಹಾಸ್ಯಗಾರರು. ವೇದಿಕೆಯ ಮೇಲೆ ಹೇಳುವ ಜೋಕನ್ನೇ ಅವರು ತಮ್ಮ ಸಂಕಟವೆಂಬಂತೆ ಹೇಳಿಕೊಳ್ಳುತ್ತಿದ್ದರು. ಉಳಿದ ಸಂಭಾಷಣೆಯನ್ನೂ ಪೂರ್ತಿ ಬರೆದಿರುತ್ತಿರಲಿಲ್ಲ. ಸನ್ನಿವೇಶದ ಎಲುಬನ್ನು ಕೊಟ್ಟು ಕಲಾವಿದರನ್ನು ಮಾತಾಡಲು ಬಿಟ್ಟು, ಆಮೇಲೆ ಕತ್ತರಿಸಿ ಕಂತು ಮಾಡುತ್ತಿದ್ದರು.

ಅದರ ಚಿತ್ರ ನೋಡಿದರೆ ಮೊದಲು ಕಣ್ಣು ನೋಯುತ್ತದೆ. ಪಾತ್ರಗಳ ಅಂಚಿನ ಗೆರೆ ಸದಾ ನಡುಗುತ್ತಿರುತ್ತದೆ. ಬೆರಳೆಣಿಕೆಯ ಚಿತ್ರಗಳನ್ನು ಒಂದರ ಮೇಲೊಂದು ಸುತ್ತಿ ಸುತ್ತಿ ತೋರಿಸುವ ಉಪಾಯ ಅದು. ಮನುಷ್ಯ ಅಲುಗಾಡದಿದ್ದರೂ ಗೆರೆ ಅಲುಗಾಡುತ್ತದೆ, ನೋಡುವವನಿಗೆ ಚಿತ್ರ ಜೀವಂತವಾಗಿದೆ ಎಂಬ ಭ್ರಮೆ. ಖರ್ಚೂ ಉಳಿಯಿತು, ಮಾತಿಗೂ ಅಡ್ಡ ಬರಲಿಲ್ಲ. ನನ್ನ ಮಟ್ಟಿಗೆ ಹಾಸ್ಯದ ಮಾತಿಗೆ ಚಿತ್ರ ಎಷ್ಟು ಬಡವಾಗಿದ್ದರೆ ಅಷ್ಟು ಒಳ್ಳೆಯದು.

ಲೆಕ್ಕದವಳು:

ಖರ್ಚಿನ ಮಾತು ಬಂತಲ್ಲ, ನನ್ನ ಸರದಿ.

ಕಂತಿಗೆ 22 ನಿಮಿಷ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 24 ಚೌಕಟ್ಟಿನಂತೆ (ಫ್ರೇಮ್) 31,680 ಚೌಕಟ್ಟುಗಳು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ನಿಲ್ಲಿಸಿದರೂ 15,840 ಚಿತ್ರಗಳು. ಇಷ್ಟನ್ನೂ ಹೊಸದಾಗಿ ಬರೆಯಲು ಯಾವ ಟಿವಿ ಕಂಪನಿಯೂ ದುಡ್ಡು ಕೊಡುವುದಿಲ್ಲ. ಹಾನ್ನಾ-ಬಾರ್ಬೆರಾ ಸ್ಟುಡಿಯೊದವರು ಇದಕ್ಕೆ ಎಂದೋ ದಾರಿ ಕಂಡುಕೊಂಡಿದ್ದರು: ಮೈ ಒಂದು ಪದರ, ತಲೆ ಇನ್ನೊಂದು, ಬಾಯಿ ಮತ್ತೊಂದು, ಬಾಯಿ ಆಡುವಾಗ ಮೈ ನಿಂತಲ್ಲೇ ನಿಂತಿರಲಿ. ಅವರ ಕಾರ್ಟೂನಿನ ಯೋಗಿ ಕರಡಿಯ ಕೊರಳಲ್ಲಿ ಕಾಲರ್, ಟೈ ಯಾಕಿದೆ ಎಂದು ಯೋಚಿಸಿದ್ದೀರಾ? ತಲೆ ಮತ್ತು ಮೈ ಸೇರುವ ಗೆರೆ ಅದರ ಕೆಳಗೆ ಅಡಗುತ್ತದೆ.

ರಿಕಿ ಜರ್ವೇಸ್ ಶೋ ಮಾಡಿದ ವೈಲ್ಡ್‌ಬ್ರೇನ್ ಸ್ಟುಡಿಯೊದವರು ಆ 1960ರ ದಶಕದ ಚಪ್ಪಟೆ ಶೈಲಿಯನ್ನೇ ಆರಿಸಿಕೊಂಡರು. ಹಳೆಯದರ ಮೇಲಿನ ಮಮತೆ ಎಂದು ವಿಮರ್ಶಕರು ಹೇಳಬಹುದು. ನನಗೆ ಕಾಣುವುದು ಜಾಣ ಬಜೆಟ್. ಮೂವರು ಕುಳಿತು ಮಾತಾಡುವುದೇ ಕಾರ್ಯಕ್ರಮ ಎಂದ ಮೇಲೆ ಮೈ ಅಲುಗಿಸದ ಶೈಲಿಗಿಂತ ಹೊಂದುವಂಥದ್ದು ಇನ್ನಾವುದು?

ಇನ್ನೊಂದು ದಾರಿಯೂ ಇದೆ. ‘ಕ್ರಿಟಿಕಲ್ ರೋಲ್’ ಎಂಬ ತಂಡ ಪಗಡೆಯಂತೆ ದಾಳ ಉರುಳಿಸಿ ಕಥೆ ಕಟ್ಟುವ ಆಟವನ್ನು ಜಾಲದಲ್ಲಿ ನೇರವಾಗಿ ಆಡಿ ತೋರಿಸುತ್ತಿತ್ತು. ಅದನ್ನು ಕಾರ್ಟೂನ್ ಮಾಡಲು 2019ರ ಮಾರ್ಚ್‌ನಲ್ಲಿ, ಜನರಿಂದ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಏಳೂವರೆ ಲಕ್ಷ ಡಾಲರ್ ಕೇಳಿದರು. ಬಂದದ್ದು 1.13 ಕೋಟಿ ಡಾಲರ್‌ಗೂ ಹೆಚ್ಚು, ಕೊಟ್ಟವರು 88,000ಕ್ಕೂ ಮಿಕ್ಕಿದ ಅಭಿಮಾನಿಗಳು. 2022ರ ಜನವರಿಯಲ್ಲಿ ‘ದಿ ಲೆಜೆಂಡ್ ಆಫ್ ವಾಕ್ಸ್ ಮಕಿನಾ’ ಹೆಸರಿನಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಬಂತು. ಅದು ಶುದ್ಧ ಹಾಸ್ಯವೇನಲ್ಲ. ಆದರೆ ಅವರು ಹಳೆಯ ಧ್ವನಿ ಬಳಸದೆ ಹೊಸ ಚಿತ್ರಕಥೆ ಬರೆದು ಅದೇ ಕಲಾವಿದರಿಂದ ಮತ್ತೆ ಮಾತಾಡಿಸಿದರು. ಗಂಟೆಗಟ್ಟಲೆ ಆಟದ ಧ್ವನಿಯನ್ನು ಹಾಗೇ ಇಟ್ಟು ಚಿತ್ರ ಬರೆಯಲು ಹೊರಟಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯುತ್ತಿರಲಿಲ್ಲ.

ಧ್ವನಿಪೆಟ್ಟಿಗೆ:

ಹೊಸದಾಗಿ ಬರೆದು ಮತ್ತೆ ಮಾತಾಡಿಸಿದರೆ ಕಥೆ ಉಳಿಯುತ್ತದೆ. ಹರಟೆ ಉಳಿಯುವುದಿಲ್ಲ. ಕಾರ್ಲ್‌ನ ಕೈಗೆ ಕಾಗದ ಕೊಟ್ಟು, ನೀನು ಹಿಂದೆ ಹೇಳಿದ್ದನ್ನು ಇನ್ನೊಮ್ಮೆ ಓದು ಎಂದಿದ್ದರೆ ಏನಾಗುತ್ತಿತ್ತು, ಊಹಿಸಿ.

ವೀಕ್ಷಕಿ:

‘ದಿ ಮಿಡ್‌ನೈಟ್ ಗಾಸ್ಪೆಲ್’ ಹೆಸರನ್ನು ಇನ್ನೂ ಯಾರೂ ಎತ್ತಿಲ್ಲವೇ? ಡಂಕನ್ ಟ್ರಸೆಲ್ ಎಂಬ ಹಾಸ್ಯಗಾರನ ಪಾಡ್‌ಕಾಸ್ಟಿನ ಸಂದರ್ಶನಗಳನ್ನು ಹಿಡಿದುಕೊಂಡು ಕಾರ್ಟೂನ್ ಕಲಾವಿದ ಪೆಂಡಲ್ಟನ್ ವಾರ್ಡ್ ಜೊತೆ ಸೇರಿ ಮಾಡಿದ ಎಂಟು ಕಂತುಗಳು, ನೆಟ್‌ಫ್ಲಿಕ್ಸ್, 2020ರ ಏಪ್ರಿಲ್. ಇಲ್ಲಿ ಗೆರೆಗಾರರ ನಿಯಮವೆಲ್ಲ ತಲೆಕೆಳಗು. ಕಿವಿಗೆ ಒಬ್ಬ ವೈದ್ಯ ಮಾದಕ ವಸ್ತುಗಳ ಬಗ್ಗೆ ಶಾಂತವಾಗಿ ಮಾತಾಡುತ್ತಿರುತ್ತಾನೆ. ಕಣ್ಣಿಗೆ ಹೆಣಗಳೆದ್ದು ಊರನ್ನೇ ನುಂಗುತ್ತಿರುತ್ತವೆ. ಮಾತಿಗೂ ಚಿತ್ರಕ್ಕೂ ತಾಳವಿಲ್ಲ. ಎರಡನ್ನೂ ಬೆಸೆಯಲು ಅಲ್ಲಲ್ಲಿ ಹೊಸ ಮಾತು ಮುದ್ರಿಸಿ ಸೇರಿಸಿದ್ದಾರೆ, ಅಷ್ಟೇ.

ಕೊನೆಯ ಕಂತು ಡಂಕನ್ ತನ್ನ ತಾಯಿಯೊಡನೆ ಆಡಿದ ಮಾತು. ಅವರಿಗೆ ಕ್ಯಾನ್ಸರ್ ಆಗಿತ್ತು, 2013ರಲ್ಲಿ ಅವರು ತೀರಿಕೊಳ್ಳುವ ಕೆಲವೇ ವಾರಗಳ ಮುಂಚೆ ಮುದ್ರಿಸಿದ್ದು. ಸಾವಿನ ಬಗ್ಗೆ ತಾಯಿ ಮಗ ನಗುನಗುತ್ತಾ ಮಾತಾಡುತ್ತಾರೆ, ಪರದೆಯ ಮೇಲೆ ಮಗು ಬೆಳೆಯುತ್ತದೆ, ತಾಯಿ ಮುಪ್ಪಾಗುತ್ತಾಳೆ. ಕಿವಿಗೊಟ್ಟವರೇ, ಅದರ ಧ್ವನಿಯನ್ನಷ್ಟೇ ಕೇಳಿದರೆ ಸಾಕೆಂದು ನೀವು ಹೇಳಲಾರಿರಿ.

ಗೆರೆಗಾರ:

ಕೊನೆಯ ಕಂತಿಗೆ ನನ್ನ ಸಲಾಮು. ಆದರೆ ಗಮನಿಸಿ, ಎಂಟರಲ್ಲಿ ಎಲ್ಲರ ಮನಸ್ಸಿನಲ್ಲೂ ಉಳಿದಿರುವುದು ಅದೇ. ಅದರಲ್ಲಿ ಮಾತು ಮತ್ತು ಚಿತ್ರ ಒಂದೇ ವಿಷಯ ಹೇಳುತ್ತವೆ. ಮೊದಲ ಕಂತುಗಳನ್ನು ಎರಡು ಸಲ ನೋಡಬೇಕು, ಒಮ್ಮೆ ಕಣ್ಣಿಗಾಗಿ, ಒಮ್ಮೆ ಕಿವಿಗಾಗಿ. ತತ್ವದ ಮಾತಿಗೆ ಅದು ನಡೆಯುತ್ತದೆ. ಜೋಕಿಗೆ ನಡೆಯುವುದಿಲ್ಲ. ಕಣ್ಣು ಬೇರೆಡೆ ಇದ್ದಾಗ ಜೋಕು ಹಾದುಹೋದರೆ ಹೋಯಿತು.

ಸೋಮಾರಿ ಸಂಜೆ:

ಒಂದು ಅಡ್ಡ ಮಾತು. ಒಬ್ಬನನ್ನು ನಡುವೆ ಕೂರಿಸಿ ಇಬ್ಬರು ದಡ್ಡ, ದುಂಡು ತಲೆ ಎಂದು ಅವನ ಕಾಲೆಳೆಯುವುದೇ ಹಾಸ್ಯವೇ? ನಮ್ಮ ಹಾಸ್ಟೆಲಿನಲ್ಲಿ ಇದಕ್ಕೆ ಬೇರೆ ಹೆಸರಿತ್ತು.

ಮೂಲೆಮನೆ:

ಆ ಆಕ್ಷೇಪ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಆದರೆ ಕಾರ್ಲ್ ಒಮ್ಮೆಯೂ ತನ್ನ ವಾದ ಬಿಟ್ಟುಕೊಡುವುದಿಲ್ಲ, ಅದನ್ನು ಕೇಳಿ. ಅಂಬಲಿ ಮೀನಿನಲ್ಲಿ (ಜೆಲ್ಲಿಫಿಶ್) ಶೇ 97ರಷ್ಟು ನೀರೇ ಇದೆಯಂತೆ, ಇನ್ನೊಂದು ಶೇ 3 ಸೇರಿಸಿ ನೀರನ್ನೇ ಮಾಡಿಬಿಟ್ಟರೆ ಹೆಚ್ಚು ಉಪಯೋಗವಲ್ಲವೇ ಎನ್ನುತ್ತಾನೆ. ಬಯ್ಗುಳ ಬೀಳುತ್ತದೆ. ಅವನಿಗೆ ಬೇಸರವಿಲ್ಲ, ಗೆಲ್ಲುವ ಆಸೆಯೂ ಇಲ್ಲ. ಕೊನೆಗೆ ಬಳಲುವವರು ಬುದ್ಧಿವಂತರೇ. ಆಮೇಲೆ ಅವನನ್ನೇ ಲೋಕ ಸುತ್ತಿಸಿ 2010ರಲ್ಲಿ ಸ್ಕೈ ವಾಹಿನಿಗೆ ಪ್ರವಾಸದ ಸರಣಿ ಮಾಡಿದರು. ಮೂವರಲ್ಲಿ ಜನ ಹುಡುಕಿಕೊಂಡು ನೋಡಿದ್ದು ಯಾರನ್ನು ಎಂಬುದಕ್ಕೆ ಉತ್ತರ ಅದೇ.

ವೀಕ್ಷಕಿ:

ಗೆರೆಗಾರರು ಆರಂಭದಲ್ಲಿ ಹೇಳಿದ್ದು ಇಲ್ಲಿಗೆ ಹೊಂದುತ್ತದೆ. ಬರಿಯ ಧ್ವನಿಯಲ್ಲಿ ಒಬ್ಬನ ಮೇಲೆ ಇಬ್ಬರು ಬಿದ್ದಂತೆ ಕೇಳಿಸುತ್ತಿದ್ದದ್ದು, ಕಾರ್ಟೂನಿನಲ್ಲಿ ಹಾಗೆ ಕಾಣಲಿಲ್ಲ. ಅರ್ಧ ಹೊತ್ತು ನಾವು ಕಾರ್ಲ್‌ನ ತಲೆಯೊಳಗೇ ಇರುತ್ತೇವೆ. ಕೋಣೆಗೆ ಮರಳಿದಾಗ ನಗುತ್ತಿರುವ ಆ ಇಬ್ಬರೇ ಹೊರಗಿನವರು.

ಕಿವಿಗೊಟ್ಟವ:

ಇದನ್ನು ಒಪ್ಪುತ್ತೇನೆ. ಆದರೂ ಬಸ್ಸಿನಲ್ಲಿ ಕೇಳುವುದನ್ನು ಬಿಡುವವನಲ್ಲ ನಾನು.

ಹೊಸಬ:

ಎಲ್ಲವನ್ನೂ ಓದಿದೆ. ನನ್ನ ಪ್ರಶ್ನೆ ನೇರವಾದದ್ದು. ನಾವು ಗೆಳೆಯರು ಕನ್ನಡದಲ್ಲಿ ಒಂದು ಹರಟೆಯ ಪಾಡ್‌ಕಾಸ್ಟ್ ನಡೆಸುತ್ತಿದ್ದೇವೆ. ಕೇಳುವವರು ಹೆಚ್ಚಿಲ್ಲ, ಆದರೆ ಇರುವವರು ಬಿಡುವುದಿಲ್ಲ. ಅದನ್ನು ಕಾರ್ಟೂನ್ ಮಾಡುವ ಆಸೆ. ಕನ್ನಡಕ್ಕೆ ಇದು ಒಗ್ಗುತ್ತದೆಯೇ? ಹಾಸ್ಯ ಹರಟೆಗೆ ನಮ್ಮಲ್ಲೇನೂ ಬರವಿಲ್ಲ. ಉದಯ ಟಿವಿಯ ‘ಹರಟೆ’ ಇತ್ತು, ಬೆಂಗಳೂರು ಆಕಾಶವಾಣಿಯಲ್ಲಿ ಎ.ಎಸ್. ಮೂರ್ತಿಯವರ ಈರಣ್ಣ ಎಂಬ ಪಾತ್ರ ಇತ್ತು. ಅಂಥದ್ದಕ್ಕೆ ಚಿತ್ರ ಬರೆದರೆ?

ಮೂಲೆಮನೆ:

ಈರಣ್ಣನಿಗೆ ಒಗ್ಗುತ್ತದೆ, ವೇದಿಕೆಯ ಹರಟೆಗೆ ಒಗ್ಗುವುದಿಲ್ಲ ಎಂದು ನನ್ನ ಅನಿಸಿಕೆ. ವೇದಿಕೆಯ ಮೇಲೆ ಹರಟುವವರು ಸಭೆಗೆ ಮಾತಾಡುತ್ತಾರೆ. ಗಾದೆ, ಪದ್ಯದ ಸಾಲು, ಪಂಚ್, ಆಮೇಲೆ ಚಪ್ಪಾಳೆಗೆ ಜಾಗ. ಅದು ಸಿದ್ಧಪಡಿಸಿಕೊಂಡು ಬಂದ ಭಾಷಣ, ಎಷ್ಟೇ ಸಹಜವಾಗಿ ಕಂಡರೂ. ಸಭಾಂಗಣವನ್ನು ತೆಗೆದು ಕಾರ್ಟೂನ್ ಇಟ್ಟರೆ ಚಪ್ಪಾಳೆಯ ಜಾಗಗಳೆಲ್ಲ ಹಲ್ಲು ಬಿದ್ದ ಬಾಯಂತೆ ಕಾಣುತ್ತವೆ. ಕಾರ್ಲ್ ಯಾವ ಸಭೆಗೂ ಮಾತಾಡುತ್ತಿಲ್ಲ, ಪಕ್ಕದವನಿಗೆ ಏನೋ ಹೇಳುತ್ತಿದ್ದಾನೆ. ನಿಮ್ಮ ಪಾಡ್‌ಕಾಸ್ಟಿನಲ್ಲಿ ಯಾವುದು ನಡೆಯುತ್ತಿದೆ ಎಂದು ಮೊದಲು ಕೇಳಿಸಿಕೊಳ್ಳಿ.

ಲೆಕ್ಕದವಳು:

ಕೈಗಳಿಗೆ ಕೊರತೆಯಿಲ್ಲ. 2012ರಲ್ಲೇ ಅನಿಮೇಷನ್ ಕ್ಷೇತ್ರಕ್ಕೆಂದು ಪ್ರತ್ಯೇಕ ನೀತಿ ತಂದ ರಾಜ್ಯ ನಮ್ಮದು. ಬೆಂಗಳೂರಿನ ಸ್ಟುಡಿಯೊಗಳು ಹೊರದೇಶಗಳ ಸರಣಿಗಳಿಗೆ ದುಡಿಯುತ್ತಲೇ ಇವೆ. ಕೊರತೆ ಇರುವುದು ಕೊಳ್ಳುವವರಿಗೆ. ನಮ್ಮ ವಾಹಿನಿಗಳ ಲೆಕ್ಕದಲ್ಲಿ ಕಾರ್ಟೂನ್ ಎಂದರೆ ಮಕ್ಕಳದ್ದು, ಮಕ್ಕಳದ್ದೆಂದರೆ ಡಬ್ ಆದದ್ದು. ದೊಡ್ಡವರ ಕನ್ನಡ ಹಾಸ್ಯಕ್ಕೆ ಕಾರ್ಟೂನ್ ಎಂದು ಕಡತ ಹಿಡಿದು ಹೋದರೆ ಕಾಫಿ ಕೊಟ್ಟು ಕಳಿಸುತ್ತಾರೆ. ಹೀಗೆ ಕಾಫಿ ಕುಡಿದು ಬಂದವರಲ್ಲಿ ನಾನೂ ಒಬ್ಬಳು. ಮೊದಲು ಯೂಟ್ಯೂಬಿಗೆ ಎರಡು ನಿಮಿಷದ್ದನ್ನು ಮಾಡಿ. ಉತ್ತರ ಕರ್ನಾಟಕದ ಮಾತಿನ ಕಾರ್ಟೂನುಗಳನ್ನು ಅಲ್ಲಿ ಜನ ಮುಗಿಬಿದ್ದು ನೋಡುತ್ತಿದ್ದಾರೆ. ಅವರಲ್ಲಿ ಯಾರೂ ಮಕ್ಕಳಲ್ಲ.

ಗೆರೆಗಾರ:

ಹೊಸಬರೇ, ಒಂದು ಕೆಲಸ ಮಾಡಿ. ನಿಮ್ಮ ಹಳೆಯ ಕಂತುಗಳಲ್ಲಿ ಯಾರಾದರೂ ಒಬ್ಬರು ಕಣ್ಣಿಗೆ ಕಟ್ಟುವಂತೆ ಏನನ್ನೋ ತಪ್ಪಾಗಿ ವಿವರಿಸುತ್ತಿರುವ ಜಾಗ ಹುಡುಕಿ. ಜೋಕು ಹುಡುಕಬೇಡಿ. ಪದಗಳ ಚಮತ್ಕಾರ, ಶ್ಲೇಷೆ ಇವುಗಳಿಗೆ ಚಿತ್ರ ಬರೆಯಲಾಗದು, ಬರೆದರೆ ಬರಿಯ ಅಲಂಕಾರ. ತಪ್ಪು ತಿಳಿವಳಿಕೆಯನ್ನು ಮಾತ್ರ ಚೆನ್ನಾಗಿ ಬರೆಯಬಹುದು, ಏಕೆಂದರೆ ಅದಕ್ಕೊಂದು ಆಕಾರ ಇರುತ್ತದೆ.

ಬಾಯಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಎಂಟೊಂಬತ್ತು ಬಾಯಿಯ ಆಕಾರ ಬರೆದಿಟ್ಟುಕೊಂಡರೆ ಸಾಕು. ಪ, ಬ, ಮ ಬಂದಲ್ಲಿ ತುಟಿ ಮುಚ್ಚಲೇಬೇಕು, ಅದೊಂದು ತಪ್ಪಿದರೆ ನೋಡುವವನಿಗೆ ಏನೋ ಸರಿಯಿಲ್ಲ ಎನಿಸುತ್ತದೆ. ಉಳಿದದ್ದು ಅಂದಾಜಿನಲ್ಲಿದ್ದರೂ ನಡೆಯುತ್ತದೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಬಾಯಿ ತೆರೆದೇ ಉಳಿಯುತ್ತದೆ. ಇಂಗ್ಲಿಷಿಗೆಂದು ಮಾಡಿದ ಸಿದ್ಧ ಪಟ್ಟಿಯನ್ನು ಹಾಗೇ ಬಳಸಿದರೆ ನಿಮ್ಮ ಪಾತ್ರ ಮಾತು ಮುಗಿಯುವ ಮುಂಚೆಯೇ ಬಾಯಿ ಮುಚ್ಚಿಕೊಳ್ಳುತ್ತದೆ.

ಧ್ವನಿಪೆಟ್ಟಿಗೆ:

ಇವತ್ತಿನಿಂದಲೇ ಪ್ರತಿಯೊಬ್ಬರಿಗೂ ಬೇರೆ ಮೈಕ್, ಬೇರೆ ಟ್ರ್ಯಾಕ್. ಪ್ರತಿ ಸಲ ಮುದ್ರಣದ ಕೊನೆಗೆ ಅರ್ಧ ನಿಮಿಷ ಎಲ್ಲರೂ ಸುಮ್ಮನೆ ಕುಳಿತು ಕೋಣೆಯ ಸದ್ದನ್ನು ಮುದ್ರಿಸಿಕೊಳ್ಳಿ, ಹೊಲಿಗೆ ಹಾಕಲು ಅದೇ ದಾರ. ಅತಿಥಿಗಳು ಬಂದರೆ ಅವರ ದನಿಯನ್ನು ಕಾರ್ಟೂನಿಗೆ ಬಳಸುವ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಹಾಕುವ ಚಾಳಿ ಇದ್ದರೆ ಬಿಡಿ. ಮಾತಿನ ಅಡಿಯಲ್ಲಿ ಸೇರಿಹೋದ ಹಾಡನ್ನು ಆಮೇಲೆ ತೆಗೆಯಲಾಗದು, ಹಕ್ಕು ಕೇಳಿದರೆ ಸಿಗದು.

ಹೊಸಬ:

ಉಪಕಾರವಾಯಿತು. ಒಂದೇ ಸಂಶಯ. ನಮ್ಮಲ್ಲಿ ಒಬ್ಬ ನಗುವಾಗ ಮೂಗಿನಿಂದ ವಿಚಿತ್ರ ಸದ್ದು ಮಾಡುತ್ತಾನೆ. ಕೇಳುಗರಿಂದ ದೂರು ಬಂದಿದೆ. ಅದನ್ನು ಕತ್ತರಿಸಬೇಕೇ?

ಗೆರೆಗಾರ:

ಅಯ್ಯೋ, ಬೇಡ. ಅವನ ಮೂಗನ್ನೇ ದೊಡ್ಡದಾಗಿ ಬರೆಯಿರಿ.

ಧ್ವನಿಪೆಟ್ಟಿಗೆ:

ಬೇರೆ ಟ್ರ್ಯಾಕಿನಲ್ಲಿರಲಿ, ಅಷ್ಟು ಸಾಕು.